ಎರಡೂವರೆ ಗಂಟೆಯ ಕಣ್ಣು ತಪಾಸಣೆ: ಮಗಳದ್ದೂ ನನ್ನದೂ

ಮಗಳಿಗೆ 6 ವರ್ಷ, ನನಗೆ 43. ಇಬ್ಬರೂ ಒಂದೇ ದಿನ, ಒಂದೇ ಕ್ಲಿನಿಕ್ಕಿನಲ್ಲಿ ಕಣ್ಣು ತೋರಿಸಿಕೊಂಡು ಬಂದೆವು. ಹೊರಟಿದ್ದು ಅವಳಿಗೋಸ್ಕರ. ಹೇಗೂ ಜೊತೆಗೆ ಹೋಗ್ತೀನಲ್ಲ, ನನ್ನದೂ ಆಗಿಹೋಗಲಿ ಅಂತ ಸುಮ್ನೆ ನನ್ನ ಹೆಸರೂ ಬರೆಸಿದ್ದೆ.

ಮೊದಲು ಹೋದ ವರ್ಷದ ಕಥೆ ಹೇಳಬೇಕು. ಆಗ ಒಂದು ಕನ್ನಡಕದ ಅಂಗಡಿಯಲ್ಲಿ ಇವಳ ಕಣ್ಣು ತೋರಿಸಿದ್ದೆ. ಯಂತ್ರದ ಮೇಲೆ ಗದ್ದ ಇಡಿಸಿದರು, ಒಂದು ಚೀಟಿ ಹೊರಗೆ ಬಂತು, ಎರಡೂ ಕಣ್ಣಿಗೆ ಮೈನಸ್ ಅರ್ಧ, ಅಂದರೆ ದೂರದ್ದು ಸ್ವಲ್ಪ ಮಬ್ಬು ಅಂದರು. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಬೇಗ ಆಯ್ತಲ್ಲ ಅಂತ ನನಗೂ ಖುಷಿ. ಗುಲಾಬಿ ಫ್ರೇಮಿನ ಕನ್ನಡಕ ಬಂತು. ಇವಳು ಅದನ್ನು ತಾನು ಹಾಕಿಕೊಂಡಿದ್ದಕ್ಕಿಂತ ಗೊಂಬೆಗೆ ಹಾಕಿದ್ದೇ ಜಾಸ್ತಿ. ನಾನು ದಿನಾ ಬೈಯುತ್ತಿದ್ದೆ. ಈಗ ನೋಡಿದರೆ ಗೊಂಬೆಗೆ ಹಾಕಿದ್ದೇ ಸರಿ.

ಈ ಸಲ ಹೋಗಿದ್ದು ಮಕ್ಕಳ ಕಣ್ಣು ನೋಡುವ ಡಾಕ್ಟರ್ ಇರುವ ಕ್ಲಿನಿಕ್ಕಿಗೆ. ಮೊದಲು ಒಬ್ಬ ಹುಡುಗ ಕೂರಿಸಿಕೊಂಡು ಪ್ರಶ್ನೆ ಕೇಳಿದ. ಮಗು ಹುಟ್ಟಿದ್ದು ದಿನ ತುಂಬಿದ ಮೇಲೆಯೇ? ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಕನ್ನಡಕ ಬಂದಿತ್ತಾ? ಟಿವಿ ನೋಡುವಾಗ ತಲೆ ಓರೆ ಮಾಡ್ತಾಳಾ? ಅಂಗಡಿಯಲ್ಲಿ ಇದ್ಯಾವುದನ್ನೂ ಕೇಳಿರಲಿಲ್ಲ. ತಲೆ ಓರೆ ಮಾಡುವುದಿಲ್ಲ ಅಂದೆ. ಆದರೆ ಬಿಸಿಲಿಗೆ ಬಂದರೆ ಎಡಗಣ್ಣು ಕಿರಿದು ಮಾಡ್ತಾಳೆ ಅಂದಿದ್ದಕ್ಕೆ ಅದನ್ನೂ ಬರೆದುಕೊಂಡ.

ಆಮೇಲೆ ಅಕ್ಷರದ ಹಲಗೆ. ನಮಗೆಲ್ಲ ಗೊತ್ತಿರುವ, ಮೇಲೆ ದೊಡ್ಡ ಅಕ್ಷರ, ಕೆಳಗೆ ಇಳಿದಂತೆ ಸಣ್ಣದಾಗುವ ಹಲಗೆಯೇ. ಅದನ್ನು 1862ರಲ್ಲಿ ಸ್ನೆಲೆನ್ ಎಂಬ ಡಚ್ ಡಾಕ್ಟರ್ ಮಾಡಿದ್ದಂತೆ, ಇವತ್ತಿಗೂ ಅದರ ಗತ್ತು ಕಡಿಮೆಯಾಗಿಲ್ಲ. ಇವಳಿಗೆ ಅಕ್ಷರದ ಬದಲು ಮೂರು ಕಾಲಿನ ಗುರುತು ತೋರಿಸಿದರು. ಕಾಲು ಯಾವ ಕಡೆ ಇದೆಯೋ ಆ ಕಡೆ ಕೈ ತೋರಿಸಬೇಕು, ಅಷ್ಟೆ. ಓದಲು ಬಾರದ ಮಕ್ಕಳಿಗೂ ಇದು ಸಾಕು.

ಬಲಗಣ್ಣಿಗೆ ಸಲೀಸಾಗಿ ಕೊನೆಯ ಸಾಲಿನವರೆಗೂ ಇಳಿದಳು. ಎಡಗಣ್ಣಿನ ಸರದಿ ಬಂತು. ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡಳು. ಅದರಲ್ಲೂ ಚೆನ್ನಾಗಿಯೇ ಹೇಳಿದಳು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಆ ಹುಡುಗ ನಕ್ಕು, "ಪುಟ್ಟಿ, ಬೆರಳ ಸಂದಿಯಲ್ಲಿ ಯಾರೋ ಇಣುಕ್ತಾ ಇದಾರಲ್ಲಾ!" ಅಂದ. ಅಂಟುವ ಪಟ್ಟಿ ತಂದು ಬಲಗಣ್ಣು ಪೂರ್ತಿ ಮುಚ್ಚಿದ. ಆಗ ಇವಳು ಸುಮ್ಮನಾದಳು. ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದಳು, ಪಟ್ಟಿ ಕೀಳಲು ಕೈ ಹಾಕಿದಳು, "ಅಮ್ಮಾ, ಲೈಟ್ ಹಾಕೋಕೆ ಹೇಳು" ಅಂದಳು. ಲೈಟ್ ಉರಿಯುತ್ತಲೇ ಇತ್ತು.

ಎಡಗಣ್ಣು 6/18. ಅಂದರೆ ಸರಿಯಿರುವ ಕಣ್ಣು 18 ಮೀಟರ್ ದೂರದಿಂದ ಗುರುತಿಸುವುದನ್ನು ಇವಳ ಎಡಗಣ್ಣು 6 ಮೀಟರಿಗೆ ಬಂದು ಗುರುತಿಸುತ್ತದೆ. ಒಂದು ಕಣ್ಣು ಚೆನ್ನಾಗಿದ್ದರೆ ಮಗು ಅದರಲ್ಲೇ ಓದುತ್ತದೆ, ಬರೆಯುತ್ತದೆ, ಓಡುತ್ತದೆ. ಇನ್ನೊಂದು ಕಣ್ಣು ಮಬ್ಬು ಅಂತ ಹೇಳುವುದೂ ಇಲ್ಲ, ಯಾಕೆಂದರೆ ಲೋಕ ಇರುವುದೇ ಹಾಗೆ ಅಂದುಕೊಂಡಿರುತ್ತದೆ. ಆರು ವರ್ಷದಿಂದ ದಿನಾ ತಲೆ ಬಾಚುವ ನನಗೂ ಗೊತ್ತಾಗಿರಲಿಲ್ಲ.

ಮುಂದಿನದು ಡ್ರಾಪ್ಸ್. ಉರಿಯುತ್ತೆ, ಅದರಲ್ಲಿ ಸುಳ್ಳಿಲ್ಲ. ಮೊದಲ ಹನಿಗೆ ಕಿರುಚಿದಳು, ಎರಡನೆಯದಕ್ಕೆ ನನ್ನ ದುಪಟ್ಟಾ ಹಿಡಿದಳು. ಅರ್ಧ ಗಂಟೆಗಿಂತ ಜಾಸ್ತಿ ಕಾಯಬೇಕು. ಕಣ್ಣಪಾಪೆ ಅಗಲವಾಗಿ ಬೆಕ್ಕಿನ ಕಣ್ಣಿನ ಹಾಗಾಯಿತು. ಆಮೇಲೆ ಡಾಕ್ಟರ್ ಮೇಡಂ ಕತ್ತಲೆ ಕೋಣೆಯಲ್ಲಿ ಒಂದು ಬೆಳಕಿನ ಗೆರೆಯನ್ನು ಇವಳ ಕಣ್ಣಿನ ಮೇಲೆ ಆಡಿಸಿದರು. ಪಾಪೆಯೊಳಗೆ ಆ ಬೆಳಕು ಯಾವ ಕಡೆ ಸರಿಯುತ್ತೆ ಅಂತ ನೋಡುತ್ತಾ ಒಂದೊಂದೇ ಮಸೂರ ಹಿಡಿದರು. ಇದಕ್ಕೆ ರೆಟಿನೋಸ್ಕೋಪಿ ಅನ್ನುತ್ತಾರೆ. ಮಗು ಬಾಯಿ ಬಿಡಬೇಕಾಗಿಯೇ ಇಲ್ಲ, ಮಾತು ಬಾರದ ಕೂಸಿಗೂ ಹೀಗೆಯೇ ನಂಬರ್ ತೆಗೆಯುತ್ತಾರೆ.

ಬಂದ ಲೆಕ್ಕ: ಬಲಗಣ್ಣು ಪ್ಲಸ್ 0.75, ಎಡಗಣ್ಣು ಪ್ಲಸ್ 3. ಪ್ಲಸ್ ಅಂದರೆ ಮೈನಸ್ಸಿನ ಉಲ್ಟಾ, ನಮ್ಮ ಮನೆಯಲ್ಲಿ ಬಿದ್ದಿದ್ದು ಮೈನಸ್ ಕನ್ನಡಕ!

ಹಳೆಯ ಕನ್ನಡಕ ತೋರಿಸಿದೆ. ಮೇಡಂ ಯಾರನ್ನೂ ಬೈಯಲಿಲ್ಲ, ಕಾರಣ ಹೇಳಿದರು. ಮಕ್ಕಳ ಕಣ್ಣೊಳಗಿನ ಮಸೂರ ತುಂಬಾ ಮೆತ್ತಗೆ, ಬೇಕಾದ ಹಾಗೆ ಉಬ್ಬುತ್ತದೆ. ಯಂತ್ರದೊಳಗೆ ಇಣುಕುವಾಗ ಹತ್ತಿರದ್ದನ್ನು ನೋಡುವ ಹಾಗೆ ಕಣ್ಣು ಬಿಗಿ ಹಿಡಿಯುತ್ತದೆ. ಆಗ ಇರುವ ಪ್ಲಸ್ ಮುಚ್ಚಿಹೋಗಿ, ಇಲ್ಲದ ಮೈನಸ್ ಕಾಣಿಸಿಕೊಳ್ಳುತ್ತದೆ. ಡ್ರಾಪ್ಸ್ ಹಾಕುವುದು ಆ ಬಿಗಿ ಬಿಡಿಸುವುದಕ್ಕೆ. ಎಡಗಣ್ಣಿನಿಂದ ಸ್ಪಷ್ಟ ಚಿತ್ರ ಬರದೆ ಬರದೆ ಮೆದುಳು ಅದನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ, ಇದಕ್ಕೇ ಸೋಮಾರಿ ಕಣ್ಣು ಅನ್ನುವುದು ಅಂದರು. ಪಾಪ, ಸೋಮಾರಿ ಕಣ್ಣಲ್ಲ, ಕೆಲಸ ಕೊಡದೇ ಕೂರಿಸಿದ ಕಣ್ಣು. ಏಳೆಂಟು ವರ್ಷದೊಳಗೆ ಚಿಕಿತ್ಸೆ ಶುರುವಾದರೆ ಸುಧಾರಿಸುವುದು ಸುಲಭವಂತೆ. ಮೊದಲು ಕೆಲವು ವಾರ ಕನ್ನಡಕ ಮಾತ್ರ. ಅದರಲ್ಲೇ ಎಷ್ಟು ಏರುತ್ತೆ ನೋಡಿಕೊಂಡು, ಬೇಕಾದರೆ ಚೆನ್ನಾಗಿರುವ ಕಣ್ಣಿಗೆ ದಿನಕ್ಕೆ ಎರಡು ಗಂಟೆ ಪಟ್ಟಿ.

ಇನ್ನು ನನ್ನದು. ದೂರದ್ದು ಸರಿಯಿದೆ. ಹತ್ತಿರದ್ದು ಓದಲು ಕೊಟ್ಟ ಕಾರ್ಡನ್ನು ನಾನು ಕೈ ಚಾಚಿ ಹಿಡಿದಾಗಲೇ ಆ ಹುಡುಗನಿಗೆ ಉತ್ತರ ಸಿಕ್ಕಿತ್ತು. ಪ್ಲಸ್ 1.25. ನಮ್ಮಜ್ಜಿ ಕನ್ನಡಕಕ್ಕೆ ಚಾಳೀಸು ಅನ್ನುತ್ತಿದ್ದರು. ಅದರ ಮೂಲ ನಲವತ್ತು ಅನ್ನುವ ಮಾತು ಅಂತ ಗೊತ್ತಿದ್ದರೂ ನನಗೇ ಬರುತ್ತೆ ಅಂತ ಅಂದುಕೊಂಡಿರಲಿಲ್ಲ. "ಇದು ಸ್ಪಷ್ಟವಾ, ಅದು ಸ್ಪಷ್ಟವಾ" ಅಂತ ಮಸೂರ ಬದಲಿಸುವಾಗ ಪರೀಕ್ಷೆಯಲ್ಲಿ ತಪ್ಪು ಉತ್ತರ ಬರೆದ ಹಾಗೆ ಹೆದರಿಕೆ ಆಗುತ್ತೆ, ಅಲ್ವಾ? ಎರಡೂ ಒಂದೇ ಥರ ಇದೆ ಅಂದರೂ ಅದು ಸರಿಯಾದ ಉತ್ತರವೇ ಅಂತ ಅವನು ಹೇಳಿದ ಮೇಲೆ ಹಾಯೆನಿಸಿತು.

ಕಣ್ಣಿನೊಳಗಿನ ಒತ್ತಡ ನೋಡಲು ಯಂತ್ರ ಪುಸ್ ಅಂತ ಗಾಳಿ ಊದುತ್ತದೆ. ಎರಡೂ ಸಲ ಬೆಚ್ಚಿಬಿದ್ದೆ, ಮಗಳು ಎರಡೂ ಸಲ ನಕ್ಕಳು. ಒಂದರಲ್ಲಿ 16, ಇನ್ನೊಂದರಲ್ಲಿ 17. ಸಾಮಾನ್ಯವಾಗಿ 10ರಿಂದ 21ರವರೆಗೆ ಇರುತ್ತದೆ. ಅಲ್ಲಿಗೆ ಮುಗಿಯಿತು ಅಂದುಕೊಂಡು ಎದ್ದೆ. ಆದರೆ ನಮ್ಮಪ್ಪನಿಗೆ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇತ್ತು ಅಂತ ಚೀಟಿಯಲ್ಲಿ ಬರೆಸಿದ್ದೆನಲ್ಲ, ಮೇಡಂ ಅದನ್ನು ಬಿಡಲಿಲ್ಲ. ಒತ್ತಡ ಸರಿಯಿದ್ದವರಿಗೂ ಅದು ಬರಬಹುದು, ನರ ನೋಡಲೇಬೇಕು ಅಂತ ನನಗೂ ಡ್ರಾಪ್ಸ್ ಹಾಕಿಸಿದರು. ಅಪ್ಪನಿಗೆ ನೋವಿರಲಿಲ್ಲ, ಕೆಂಪಾಗಿರಲಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದರು ಅಷ್ಟೆ. ವಯಸ್ಸಾಯಿತು ಅಂದುಕೊಂಡಿದ್ದೆವು. ಪಕ್ಕದ ನೋಟ ಹೋಗಿತ್ತು, ಹೋದದ್ದು ತಿರುಗಿ ಬರಲಿಲ್ಲ. ನನ್ನ ನರ ಈಗ ಚೆನ್ನಾಗಿದೆ. ಅದರ ಫೋಟೋ ತೆಗೆದಿಟ್ಟುಕೊಂಡಿದ್ದಾರೆ, ಮುಂದಿನ ವರ್ಷ ಪಕ್ಕದಲ್ಲಿಟ್ಟು ಹೋಲಿಸುವುದಕ್ಕೆ. ಅಪ್ಪ ಅಮ್ಮನಿಗೆ ಗ್ಲಾಕೋಮಾ ಇದ್ದವರು, ಶುಗರ್ ಇರುವವರು ಕಣ್ಣು ಚೆನ್ನಾಗಿ ಕಾಣುತ್ತೆ ಅಂತ ಸುಮ್ಮನಿರಬಾರದು ಅಂತಲೂ ಹೇಳಿದರು.

ಈಗ ದೂರು. ದಿನ ಗೊತ್ತು ಮಾಡಲು ಫೋನ್ ಮಾಡಿದಾಗ ಡ್ರಾಪ್ಸ್ ವಿಷಯ ಒಬ್ಬರೂ ಬಾಯಿ ಬಿಡಲಿಲ್ಲ. ಹೇಳಿದ್ದರೆ ಯಾರನ್ನಾದರೂ ಕರೆದುಕೊಂಡು ಹೋಗುತ್ತಿದ್ದೆ, ನನ್ನ ಗಾಡಿಯಲ್ಲಿ ಹೋಗುತ್ತಿರಲಿಲ್ಲ. ಗಾಡಿ ಅಲ್ಲೇ ಬಿಟ್ಟು ಬರಬೇಕಾಯಿತು. ಬಿಲ್ ಕೊಟ್ಟಾಗ ಅಂಕೆಗಳೆಲ್ಲ ಮಬ್ಬು, ಕೌಂಟರಿನ ಹುಡುಗಿಯ ಹತ್ತಿರವೇ ಓದಿಸಿದೆ. ಹೊರಗೆ ಬಂದರೆ ಬಿಸಿಲು ಕಣ್ಣಿಗೆ ಚುಚ್ಚಿತು. ಮಗಳು ನನ್ನ ದುಪಟ್ಟಾದೊಳಗೆ ಮುಖ ಹುದುಗಿಸಿಕೊಂಡೇ ನಡೆದಳು. ಹೋಗುವವರು ಟೋಪಿಯೋ ಕೂಲಿಂಗ್ ಗ್ಲಾಸೋ ಇಟ್ಟುಕೊಂಡು ಹೋಗಿ. ಹಳೆಯ ಕನ್ನಡಕ, ಹಳೆಯ ಚೀಟಿ ಇದ್ದರೆ ಅವನ್ನೂ ಒಯ್ಯಿರಿ.

ಇನ್ನೊಂದು, ಅಲ್ಲೇ ಇರುವ ಕನ್ನಡಕದ ಕೌಂಟರಿನಲ್ಲಿ ನೀಲಿ ಬೆಳಕು ತಡೆಯುವ ಗ್ಲಾಸ್ ಹಾಕಿಸಿ ಅಂತ ಬೆನ್ನು ಬಿದ್ದರು. ವಾಪಸ್ ಒಳಗೆ ಹೋಗಿ ಮೇಡಂ ಅವರನ್ನೇ ಕೇಳಿದೆ. ಅದರಿಂದ ಕಣ್ಣಿನ ಆಯಾಸ ಕಡಿಮೆಯಾಗುತ್ತೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ, ಆ ದುಡ್ಡಿನಲ್ಲಿ ಮಗುವಿಗೆ ಮೂಗಿನ ಮೇಲೆ ಜಾರದ ಫ್ರೇಮ್ ಕೊಡಿಸಿ ಅಂದರು. ಅದೇ ಮಾಡಿದೆ.

ಐದಕ್ಕೆ ನಾಲ್ಕು ನಕ್ಷತ್ರ. ಒಂದು ಕತ್ತರಿಸಿದ್ದು ಡ್ರಾಪ್ಸ್ ಇದೆ ಅಂತ ಮೊದಲೇ ಹೇಳದಿದ್ದಕ್ಕೆ. ಎರಡೂವರೆ ಗಂಟೆ ಹಿಡಿದಿದ್ದಕ್ಕೆ ನಾನೇನೂ ಕತ್ತರಿಸಿಲ್ಲ.

ಹೊಸ ಕನ್ನಡಕ ಬಂದು ಮೂರು ವಾರ ಆಯಿತು. ಮೊದಲ ಎರಡು ದಿನ ನೆಲ ಏರುಪೇರು ಅಂತ ರಗಳೆ ಮಾಡಿದಳು, ಈಗ ಮಲಗುವಾಗಲೂ ತೆಗೆಯಲು ಜಗಳ. ಗೊಂಬೆಗೆ ಗುಲಾಬಿ ಫ್ರೇಮ್ ಹಾಗೆಯೇ ಉಳಿದಿದೆ. ನಿನ್ನೆ ರಾತ್ರಿ ಅದರ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಗೋಡೆ ಗಡಿಯಾರದ ಕಡೆ ತಿರುಗಿಸಿ, "ಇಣುಕಬಾರದು" ಅಂತ ಗದರುತ್ತಿದ್ದಳು.