ಟೂಲ್‌ಕಿಟ್ ಆರಿಸುವ ಮುನ್ನ ‘ಸ್ವಾತಂತ್ರ್ಯ’ ಎಂದು ಟೈಪ್ ಮಾಡಿ ನೋಡಿ

ನಮ್ಮೂರಿನ ವಾಚನಾಲಯಕ್ಕೆ ಪುಸ್ತಕಗಳ ಲೆಕ್ಕ ಇಡುವ ಚಿಕ್ಕ ತಂತ್ರಾಂಶವೊಂದು ಬೇಕಿತ್ತು. ಹೆಚ್ಚೇನಿಲ್ಲ: ಮೇಲೆ ಹುಡುಕುವ ಪೆಟ್ಟಿಗೆ, ಕೆಳಗೆ ಶೀರ್ಷಿಕೆ, ಲೇಖಕ, ಕಪಾಟಿನ ಸಂಖ್ಯೆಯ ಪಟ್ಟಿ, ಯಾರು ಒಯ್ದರು ಎಂಬ ಒಂದು ಕಾಲಂ. ನಾನು ಕೋಡ್ ಬರೆಯುವುದು ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ. ವಾಚನಾಲಯದಲ್ಲಿರುವುದು ಎರಡು ಕಂಪ್ಯೂಟರ್: ಒಂದರಲ್ಲಿ ವಿಂಡೋಸ್ 10, ಯಾರೋ ದಾನ ಕೊಟ್ಟ ಇನ್ನೊಂದರಲ್ಲಿ ವಿಂಡೋಸ್ 7. ಒಮ್ಮೆ ಬರೆದದ್ದು ಮೂರೂ ಕಡೆ ಓಡಬೇಕು. ವಿಂಡೋ, ಬಟನ್, ಪೆಟ್ಟಿಗೆಗಳನ್ನು ಕಟ್ಟಲು ಸಿಗುವ ಸಿದ್ಧ ಸಾಮಗ್ರಿಗೆ ಟೂಲ್‌ಕಿಟ್ ಎನ್ನುತ್ತಾರೆ. ಯಾವ ಟೂಲ್‌ಕಿಟ್ ಎಂದು ತೀರ್ಮಾನಿಸಲಾಗದೆ, ಅದೇ ಒಂದು ವಿಂಡೋವನ್ನು ಆರು ಬಗೆಯಲ್ಲಿ ಕಟ್ಟಿ ನೋಡಿದೆ.

ಮೊದಲು ಕೈಗೆ ಸಿಕ್ಕಿದ್ದು ಟಿಕಿಂಟರ್. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುತ್ತದೆ, ನಲವತ್ತು ಸಾಲಿನಲ್ಲಿ ವಿಂಡೋ ಸಿದ್ಧವಾಯಿತು. ಹುಡುಕುವ ಪೆಟ್ಟಿಗೆಯಲ್ಲಿ ‘ಸ್ವಾತಂತ್ರ್ಯ’ ಎಂದು ಹೊಡೆದೆ. ಒತ್ತಕ್ಷರಗಳು ಕೆಳಗಿಳಿಯಲೇ ಇಲ್ಲ. ಸಕಾರ, ಅದರ ಪಕ್ಕ ಒಂದು ಬಿಡಿ ಹಲಂತ, ಆಮೇಲೆ ವಕಾರ, ಹೀಗೆ ಎಲ್ಲವೂ ಸಾಲಾಗಿ ನಿಂತವು. ಲಿನಕ್ಸ್‌ನಲ್ಲಿ ಟಿಕಿಂಟರ್‌ನ ಬುಡದಲ್ಲಿರುವ ಟಿಕೆ 8.6 ಅಕ್ಷರಗಳನ್ನು ಒಂದೊಂದಾಗಿ ಇಡುತ್ತದೆಯೇ ಹೊರತು ಅವುಗಳನ್ನು ಬೆಸೆಯುವ ಕೆಲಸಕ್ಕೆ ಕೈಹಾಕುವುದಿಲ್ಲ. ವಿಂಡೋಸ್‌ನಲ್ಲಿ ಆ ಕೆಲಸವನ್ನು ವ್ಯವಸ್ಥೆಯೇ ಮಾಡಿಕೊಡುವುದರಿಂದ ಇಷ್ಟು ಕೆಡುವುದಿಲ್ಲ. ಆದರೆ ನಾನು ಬರೆಯುವ ಯಂತ್ರದಲ್ಲೇ ನನ್ನ ಪಟ್ಟಿಯನ್ನು ಓದಲಾಗದಿದ್ದರೆ ಹೇಗೆ? ಅಲ್ಲಿಗೆ ಅದರ ಕಥೆ ಮುಗಿಯಿತು. ಅಂದಿನಿಂದ ಪ್ರತಿ ಟೂಲ್‌ಕಿಟ್‌ಗೂ ನಾಲ್ಕು ಪದಗಳ ಪರೀಕ್ಷೆ ಇಟ್ಟೆ: ಸ್ವಾತಂತ್ರ್ಯ, ರಾಷ್ಟ್ರ, ಸೂರ್ಯ, ರ‍್ಯಾಂಕ್. ಕೊನೆಯ ಎರಡರಲ್ಲಿ ರಕಾರ ಒಂದೇ ರೀತಿ ಕೂರುವುದಿಲ್ಲ. ಒಂದರಲ್ಲಿ ಅರ್ಕಾವತ್ತಾಗುತ್ತದೆ, ಇನ್ನೊಂದರಲ್ಲಿ ಪೂರ್ತಿ ಅಕ್ಷರವಾಗಿ ಉಳಿಯಬೇಕು.

ಎಲೆಕ್ಟ್ರಾನ್ ಈ ನಾಲ್ಕರಲ್ಲೂ ಸಲೀಸಾಗಿ ಪಾಸಾಯಿತು. ಒಳಗಿರುವುದು ಇಡೀ ಕ್ರೋಮಿಯಂ ಬ್ರೌಸರ್. ಕನ್ನಡ ಜಾಲತಾಣಗಳನ್ನು ತೋರಿಸುವಂಥದ್ದಕ್ಕೆ ನನ್ನ ಪಟ್ಟಿ ಯಾವ ಲೆಕ್ಕ? ಎಚ್‌ಟಿಎಂಎಲ್ ಗೊತ್ತಿದ್ದವರಿಗೆ ಇದಕ್ಕಿಂತ ಸುಲಭದ ದಾರಿಯಿಲ್ಲ. ನಾನು ಕೋಡ್ ಬರೆಯುವ ವಿಎಸ್ ಕೋಡ್ ಕೂಡ ಎಲೆಕ್ಟ್ರಾನ್‌ನದೇ, ಆದ್ದರಿಂದ ಬೈಯಲು ನಾಲಿಗೆ ಏಳುವುದಿಲ್ಲ. ಆದರೆ ನಾಲ್ಕು ಕಾಲಂನ ಪಟ್ಟಿಗೆ ನೂರು ಎಂಬಿ ಮೀರಿದ ಕಟ್ಟು ಹೊರಿಸುವುದು ಊದುಬತ್ತಿ ತರಲು ಲಾರಿ ಕಳಿಸಿದ ಹಾಗೆ. ಮೇಲಾಗಿ 23ನೇ ಆವೃತ್ತಿಯಿಂದ ಅದು ವಿಂಡೋಸ್ 7ರ ಕೈಬಿಟ್ಟಿದೆ.

ಫ್ಲಟರ್ ನೋಡಲು ಎಲ್ಲಕ್ಕಿಂತ ಚೆಂದ. 2018ರ ಡಿಸೆಂಬರ್‌ನಲ್ಲಿ ಮೊದಲ ಸ್ಥಿರ ಆವೃತ್ತಿ ಬಂದಾಗ ಅದು ಮೊಬೈಲಿಗೆಂದೇ ಇತ್ತು; ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರೂ ಸ್ಥಿರವಾದದ್ದು 2022ರಲ್ಲಿ. ಆ ಮೊಬೈಲ್ ಮೂಲ ಮೇಜಿನ ಮೇಲೂ ಇಣುಕುತ್ತದೆ: ಸಾಲುಗಳ ನಡುವೆ ಬೆರಳಿಗೆ ಬೇಕಾದಷ್ಟು ಜಾಗ, ಒಂದು ಪರದೆಗೆ ಹಿಡಿಸುವ ಪುಸ್ತಕಗಳು ಕಡಿಮೆ. ನನ್ನನ್ನು ನಿಜವಾಗಿ ಕೆಣಕಿದ್ದು ಬ್ಯಾಕ್‌ಸ್ಪೇಸ್. ‘ಕೀ’ ಬದಲು ‘ಕಿ’ ಹೊಡೆದಿದ್ದೇನೆ ಎನ್ನಿ. ಬ್ಯಾಕ್‌ಸ್ಪೇಸ್ ಒತ್ತಿದರೆ ಗುಣಿತ ಮಾತ್ರ ಅಳಿದು ‘ಕ’ ಉಳಿಯಬೇಕು, ಕನ್ನಡ ಟೈಪ್ ಮಾಡುವವರ ಬೆರಳಿಗೆ ಇರುವ ರೂಢಿ ಅದು. ನಾನು ಬಳಸಿದ ಆವೃತ್ತಿಯಲ್ಲಿ ಇಡೀ ಅಕ್ಷರವೇ ಮಾಯವಾಗುತ್ತಿತ್ತು. ಕ್ಯೂಟ್‌ನಲ್ಲಿ, ಜಿಟಿಕೆಯಲ್ಲಿ (ಎರಡೂ ಮುಂದೆ ಬರುವ ಟೂಲ್‌ಕಿಟ್‌ಗಳು) ಹಾಗಾಗಲಿಲ್ಲ. ದಿನಕ್ಕೆ ಐವತ್ತು ಶೀರ್ಷಿಕೆ ತುಂಬಿಸುವವರಿಗೆ ಇದು ಸಣ್ಣ ಮಾತಲ್ಲ.

ಜಿಟಿಕೆ ಬಗ್ಗೆ ಹೆಚ್ಚು ಹೇಳಲಾರೆ. ಗಿಂಪ್ ಚಿತ್ರ ತಂತ್ರಾಂಶಕ್ಕಾಗಿ ಹುಟ್ಟಿದ್ದು, ಲಿನಕ್ಸ್‌ನಲ್ಲಿ ಮನೆಮಗ, ಕನ್ನಡ ಮುತ್ತಿನಂತೆ ಕಾಣುತ್ತದೆ. ವಿಂಡೋಸ್‌ಗೆ ಕಟ್ಟಲು ಹೋದಾಗ ಒಂದರ ಹಿಂದೊಂದು ಅದು ಓಡಲು ಬೇಕಾದ ಡಿಎಲ್‌ಎಲ್ ಫೈಲುಗಳನ್ನು ಹುಡುಕಿ ಜೊತೆಗಿಡಬೇಕಾಯಿತು. ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು, ಕೈಬಿಟ್ಟೆ.

ಉಳಿದವು ಎರಡು. ಪೈಪೋಟಿ ನಿಜವಾಗಿ ಇದ್ದದ್ದು ಇಲ್ಲಿಯೇ.

ಬರೆಯುವಾಗ ಕ್ಯುಟಿ, ಅದನ್ನು ಕಟ್ಟಿದವರ ಬಾಯಲ್ಲಿ ಕ್ಯೂಟ್. ನಾರ್ವೆಯ ಇಬ್ಬರು ಶುರುಮಾಡಿದ ಈ ಟೂಲ್‌ಕಿಟ್ 1995ರಲ್ಲಿ ಹೊರಬಂತು. ‘ಸಿಗ್ನಲ್’ ಮತ್ತು ‘ಸ್ಲಾಟ್’ ಎಂಬ ಅದರ ಏರ್ಪಾಡು ಒಮ್ಮೆ ತಲೆಗೆ ಹತ್ತಿದರೆ ಬಿಡುವುದಿಲ್ಲ. ಪೆಟ್ಟಿಗೆಯಲ್ಲಿ ಅಕ್ಷರ ಬದಲಾಯಿತು ಎಂಬ ಸಿಗ್ನಲ್ಲನ್ನು ಪಟ್ಟಿಯನ್ನು ಸೋಸುವ ಕೆಲಸಕ್ಕೆ ಒಂದೇ ಸಾಲಿನಲ್ಲಿ ಗಂಟುಹಾಕಿದೆ. ‘ಕಾ’ ಎನ್ನುವಷ್ಟರಲ್ಲಿ ಕಾದಂಬರಿಗಳೆಲ್ಲ ಮುಂದೆ ನಿಂತವು. ಮಾಹಿತಿಗೂ ಪರದೆಯ ಪಟ್ಟಿಗೂ ನಡುವೆ ನಿಂತು ಸೋಸುವ, ವಿಂಗಡಿಸುವ ಮಧ್ಯವರ್ತಿ ಮಾದರಿಯೂ ಅದರಲ್ಲೇ ಇದೆ. ಪೈಥಾನ್‌ನಿಂದ ಬಳಸುವುದಾದರೆ ಪೈಕ್ಯೂಟಿ, ಪೈಸೈಡ್ ಎಂಬ ಎರಡು ದಾರಿಗಳಿವೆ. ಮೊದಲನೆಯದಕ್ಕೆ, ಹಂಚುವಾಗ ನಮ್ಮ ಕೋಡನ್ನೂ ಮುಕ್ತವಾಗಿ ಕೊಡಬೇಕೆನ್ನುವ ಜಿಪಿಎಲ್ ಒಪ್ಪಬೇಕು ಇಲ್ಲವೇ ಪರವಾನಗಿ ಕೊಳ್ಳಬೇಕು. ಎರಡನೆಯದು ಅಷ್ಟು ಬಿಗಿಯಿಲ್ಲದ ಎಲ್‌ಜಿಪಿಎಲ್ ಅಡಿ ಸಿಗುತ್ತದೆ, ಆದ್ದರಿಂದ ಅದನ್ನೇ ಹಿಡಿದೆ. ಅಕ್ಷರ, ವೇಗ, ದಾಖಲಾತಿ ಮೂರರಲ್ಲೂ ಕೊರತೆ ಕಾಣಲಿಲ್ಲ. ಪೆನ್‌ಡ್ರೈವ್ ಹಿಡಿದು ವಾಚನಾಲಯಕ್ಕೆ ಹೋದೆ. ವಿಂಡೋಸ್ 10ರಲ್ಲಿ ಓಡಿತು. ವಿಂಡೋಸ್ 7ರಲ್ಲಿ ತೆರೆಯಲೇ ಇಲ್ಲ. ಕ್ಯೂಟ್ 6ಕ್ಕೆ ವಿಂಡೋಸ್ 10 ಆದರೂ ಬೇಕು, ಅದನ್ನು ಮೊದಲೇ ಓದಿಕೊಳ್ಳದ್ದು ನನ್ನ ತಪ್ಪು. ಹಿಂದಿನ 5.15 ಅಲ್ಲಿ ಓಡುತ್ತದೆ ನಿಜ. ಆದರೆ ಹೊಸ ಕೆಲಸವನ್ನು ಹಿಂದಿನ ಪೀಳಿಗೆಯ ಮೇಲೆ ಆರಂಭಿಸಿ ನಾಳೆ ಮತ್ತೆ ತಿದ್ದಲು ಮನಸ್ಸಾಗಲಿಲ್ಲ.

ಹಾಗಾಗಿ ಕೊನೆಗೆ ಡಬ್ಲ್ಯೂಎಕ್ಸ್‌ವಿಜೆಟ್ಸ್‌ಗೆ ಬಂದೆ. 1992ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಜೂಲಿಯನ್ ಸ್ಮಾರ್ಟ್ ಆರಂಭಿಸಿದ್ದು ಇದು. ಮೊದಲು ಹೆಸರಿನಲ್ಲಿ ‘ವಿಂಡೋಸ್’ ಇತ್ತು, ಮೈಕ್ರೋಸಾಫ್ಟ್ ಕೇಳಿಕೊಂಡ ಮೇಲೆ 2004ರಲ್ಲಿ ‘ವಿಜೆಟ್ಸ್’ ಆಯಿತು. ಬಟನ್, ಪೆಟ್ಟಿಗೆಗಳನ್ನು ಇದು ಆದಷ್ಟು ತಾನೇ ಬಿಡಿಸದೆ ಆಯಾ ವ್ಯವಸ್ಥೆಯಿಂದ ಎರವಲು ಪಡೆಯುತ್ತದೆ. ಅದರಿಂದ ವಿಂಡೋಸ್ 7ರಲ್ಲಿ ಅಲ್ಲಿನ ತುಂಗಾ ಫಾಂಟಿನಲ್ಲಿ, 10ರಲ್ಲಿ ನಿರ್ಮಲಾದಲ್ಲಿ, ನಾಲ್ಕೂ ಪದಗಳು ಸರಿಯಾಗಿ ಬಂದವು. 3.2 ಆವೃತ್ತಿಗೆ ವಿಂಡೋಸ್ ಎಕ್ಸ್‌ಪಿ ಕೂಡ ನಡೆಯುತ್ತದೆ. ವಿಂಡೋಸ್ 7ಕ್ಕೆ ಪೈಥಾನ್ 3.8ರಲ್ಲೇ ನಿಲ್ಲಬೇಕಾಯಿತು, ಆದರೆ ಅದೇ ಕೋಡ್ ನನ್ನ ಲ್ಯಾಪ್‌ಟಾಪಿನ ಹೊಸ ಪೈಥಾನ್‌ನಲ್ಲೂ ಬದಲಿಲ್ಲದೆ ಓಡುತ್ತಿದೆ.

ಇದೇನು ಸುಖದ ಹಾದಿಯಲ್ಲ. ಲಿನಕ್ಸ್‌ನಲ್ಲಿ ಪೈಥಾನ್‌ಗೆ ಬೇಕಾದ ಕಟ್ಟುಗಳನ್ನು ತಂದುಹಾಕುವ ಪಿಪ್ ಮೂಲಕ ಹಾಕಲು ಹೋದರೆ ಇಡೀ ಮೂಲಕೋಡನ್ನು ಕಟ್ಟಲು ಕೂರುತ್ತದೆ. ಊಟ ಮಾಡಿ ಬಂದರೂ ಮುಗಿದಿರಲಿಲ್ಲ. ಎರವಲಿನ ಇನ್ನೊಂದು ಬೆಲೆಯೂ ಇದೆ: ಒಂದೇ ಪಟ್ಟಿ ವಿಂಡೋಸ್‌ನಲ್ಲಿ ವ್ಯವಸ್ಥೆಯದು, ಲಿನಕ್ಸ್‌ನಲ್ಲಿ ಡಬ್ಲ್ಯೂಎಕ್ಸ್ ತಾನೇ ಬಿಡಿಸಿದ್ದು. ಲ್ಯಾಪ್‌ಟಾಪಿನಲ್ಲಿ ಸರಿಯಿದ್ದ ಸಾಲುಗಳ ಎತ್ತರ ವಿಂಡೋಸ್‌ನಲ್ಲಿ ಸಾಲದೆ, ‘ರಾಷ್ಟ್ರ’ದ ಒತ್ತುಗಳ ಬುಡ ಕತ್ತರಿಸಿಹೋಗಿತ್ತು. ಸಾಲಿನ ಎತ್ತರ ಹೆಚ್ಚಿಸಲು ನೇರ ದಾರಿ ಕಾಣಲಿಲ್ಲ. ಪಟ್ಟಿಗೆ ಒಂದು ಪಿಕ್ಸೆಲ್ ಅಗಲ, 28 ಪಿಕ್ಸೆಲ್ ಎತ್ತರದ ಖಾಲಿ ಚಿತ್ರವೊಂದನ್ನು ಐಕಾನ್ ಎಂದು ಅಂಟಿಸಿದೆ. ಆ ಚಿತ್ರಕ್ಕೆ ಜಾಗ ಕೊಡಲು ಸಾಲು ಎತ್ತರವಾಯಿತು, ಒತ್ತುಗಳೂ ಉಳಿದವು. ಕಳ್ಳದಾರಿಯೇ, ಆದರೆ ಇವತ್ತಿಗೂ ಅದೇ ನಡೆಯುತ್ತಿದೆ.

ಎಲ್ಲ ಯಂತ್ರಗಳೂ ಹೊಸವಾಗಿದ್ದರೆ ಕಣ್ಣು ಮುಚ್ಚಿ ಪೈಸೈಡ್ ಎನ್ನುತ್ತಿದ್ದೆ. ನಿಮ್ಮ ತಂಡದಲ್ಲಿ ವೆಬ್ ಬಲ್ಲವರೇ ತುಂಬಿದ್ದರೆ ಎಲೆಕ್ಟ್ರಾನ್ ಬೇಡ ಎನ್ನಲು ನಾನು ಯಾರು?

ಕೊಟ್ಟ ಮರುದಿನ ವಾಚನಾಲಯದ ಮೇಡಂ ಫೋನ್ ಮಾಡಿದರು. “ಸಾರ್, ನಿಮ್ಮ ಪಟ್ಟಿಯಲ್ಲಿ ‘ಹಳ್ಳಿ’ ಮೊದಲು ಬಂದು ‘ಹಸಿರು’ ಆಮೇಲೆ ಬರುತ್ತಿದೆ. ನಿಘಂಟಿನಲ್ಲಿ ಹಾಗಿಲ್ಲವಲ್ಲ?” ಅವರು ಹೇಳಿದ್ದು ಸರಿ. ವರ್ಣಮಾಲೆಯಲ್ಲಿ ಳಕಾರ ಹಕಾರದ ನಂತರ ಬರುತ್ತದೆ. ಯೂನಿಕೋಡ್ ಸಂಖ್ಯೆಗಳಲ್ಲಿ ಅದು ಲಕಾರದ ಬೆನ್ನಿಗೇ ಕೂತಿದೆ, ಪೈಥಾನ್ ವಿಂಗಡಿಸುವುದು ಆ ಸಂಖ್ಯೆಗಳನ್ನು ನೋಡಿ. ಟೂಲ್‌ಕಿಟ್ ಮೇಲೆ ಹೊರಿಸುವ ತಪ್ಪಲ್ಲ. ಆ ಸಂಜೆ ಹತ್ತು ಸಾಲು ಬರೆದು ಳಕಾರವನ್ನು ಅದರ ಜಾಗಕ್ಕೆ ಕಳಿಸಿದೆ.