ಕೆಳಗೆ ಅಂಗಡಿ, ಮೇಲೆ ಮನೆ: ಚಿಕ್ಕಪೇಟೆಯ ನಮ್ಮ ಹಳೆ ಮನೆ ಉಳಿಸಿಕೊಟ್ಟ ಗಾರೆ ಮೇಸ್ತ್ರಿ ತಂಡ

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ.

ತುಮಕೂರಿನ ಚಿಕ್ಕಪೇಟೆಯ ಒಂದು ಗಲ್ಲಿಯಲ್ಲಿ ನಮ್ಮ ತಾತನ ಮನೆ ಇದೆ. ಹನ್ನೆರಡು ಚದರ. ನಡುವೆ ಸಣ್ಣ ತೊಟ್ಟಿ (ತೆರೆದ ಅಂಗಳ), ಮುಂದೆ ಜಗಲಿ, ರಸ್ತೆ ಕಡೆಗೆ ಎರಡು ಮಳಿಗೆ. ಮಳಿಗೆಯಲ್ಲಿ ತಾತನ ಹುಣಸೆಹಣ್ಣಿನ ವ್ಯಾಪಾರ, ಮಹಡಿಯಲ್ಲಿ ಸಂಸಾರ. ಆಮೇಲೆ ಸಗಟು ವ್ಯಾಪಾರ ಬಟವಾಡಿಯ ಎಪಿಎಂಸಿ ಯಾರ್ಡ್ ಕಡೆ ಹೋಯಿತು, ಮಕ್ಕಳು ಎಸ್.ಎಸ್.ಪುರಂ, ಬೆಂಗಳೂರು ಅಂತ ಹೋದರು, ಗಲ್ಲಿಯಲ್ಲಿ ಒಂದೊಂದೇ ಬಾಗಿಲಿಗೆ ಬೀಗ ಬಿತ್ತು. ನಮ್ಮ ಮನೆಗೂ ಹದಿನಾಲ್ಕು ವರ್ಷ ಬೀಗ. ಸಂಜೆ ಏಳಾದರೆ ಗಲ್ಲಿ ಪೂರ್ತಿ ಕತ್ತಲೆ. ನನ್ನ ತಂಗಿ ಕೂಡ ಆ ಕಡೆ ಬರದೆ ಸುತ್ತು ಹಾಕಿಕೊಂಡು ಹೋಗುತ್ತಿದ್ದಳು.

ಮೊದಲು ನೋಡಲು ಬಂದ ಇಬ್ಬರು ಕಂಟ್ರಾಕ್ಟರುಗಳೂ ಹೇಳಿದ್ದು ಒಂದೇ: ಒಡೆದು ಹಾಕಿ, ಪಿಲ್ಲರ್ ಎಬ್ಬಿಸಿ, ಕೆಳಗೆ ಪಾರ್ಕಿಂಗ್ ಬಿಟ್ಟು ಮೇಲೆ ಮೂರು ಮಹಡಿ ಕಟ್ಟಿ. ಅವರಿಗಿಂತ ಮುಂಚೆ ಇನ್ನೊಬ್ಬರು ತೇವ ನಿಲ್ಲಿಸುತ್ತೇನೆ ಅಂತ ಗೋಡೆಗೆ ಸಿಮೆಂಟ್ ಬಳಿದು ಹೋಗಿದ್ದರು. ಎರಡೇ ಮಳೆಗಾಲಕ್ಕೆ ಮೊಣಕಾಲಿನ ಮಟ್ಟದಲ್ಲಿದ್ದ ತೇವ ಎದೆಮಟ್ಟಕ್ಕೆ ಏರಿತ್ತು. ಅಮ್ಮನಿಗಂತೂ ಭಯ. ಮೈಸೂರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ಜನ ಸತ್ತರಲ್ಲ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತಲ್ಲ, ಅದನ್ನೆಲ್ಲಾ ಟಿವಿಯಲ್ಲಿ ನೋಡಿದವರು ಅವರು. 'ಒಡೆದೇ ಬಿಡೋಣ ಕಣೋ, ಯಾರ ತಲೆ ಮೇಲಾದರೂ ಬಿದ್ದರೆ?' ಅನ್ನುತ್ತಿದ್ದರು.

ಈ ಮೇಸ್ತ್ರಿ ಬಂದವರು ಅಳತೆ ಟೇಪ್ ತೆಗೆಯಲೇ ಇಲ್ಲ. ಒಂದು ಸಣ್ಣ ಸುತ್ತಿಗೆ ಹಿಡಿದು ಗೋಡೆ ಪೂರ್ತಿ ತಟ್ಟುತ್ತಾ ಹೋದರು, ಎಲ್ಲಿ ಟೊಳ್ಳು ಸದ್ದು ಬಂತೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿದರು, ಮಹಡಿಗೆ ಹತ್ತಿ ಪ್ರತಿ ಜಂತೆಗೂ ಮೊಳೆ ಚುಚ್ಚಿ ಗೆದ್ದಲು ನೋಡಿದರು. ಅರ್ಧ ದಿನ ಇದೇ ಕೆಲಸ. ಆಮೇಲೆ ಜಗಲಿ ಮೇಲೆ ಕೂತು, 'ಅಮ್ಮಾ, ಗೋಡೆ ಗಟ್ಟಿಯಾಗೇ ಇದೆ. ಸಿಮೆಂಟ್ ಬಳಿದು ಉಸಿರು ಕಟ್ಟಿಸಿದ್ದಾರೆ ಅಷ್ಟೆ' ಅಂದರು.

ಮಾತು ನಿಜವಾಗಿತ್ತು. ಹಳೆ ಇಟ್ಟಿಗೆ, ಮಣ್ಣಿನ ಗೋಡೆ ನೆಲದಿಂದ ನೀರು ಹೀರುತ್ತದೆ, ಸುಣ್ಣದ ಗಾರೆ ಇದ್ದರೆ ಅದು ಆರಿ ಹೊರಗೆ ಹೋಗುತ್ತದೆ. ಸಿಮೆಂಟ್ ಅದನ್ನು ಒಳಗೇ ಕೂಡಿಹಾಕುತ್ತದೆ. ಸಿಮೆಂಟ್ ಪದರ ಪೂರ್ತಿ ಕಿತ್ತು ಗೋಡೆಯನ್ನು ಒಂದು ಬೇಸಿಗೆ ಹಾಗೇ ಬಿಟ್ಟರು. ಅಷ್ಟರಲ್ಲಿ ಹಿತ್ತಲಲ್ಲಿ ಗುಂಡಿ ತೋಡಿ ಸುಣ್ಣ ಅರಳಿಸಿದರು. ವಾರಗಟ್ಟಲೆ ಕೊಳೆತ ಸುಣ್ಣಕ್ಕೆ ಮರಳು ಸೇರಿಸಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಹಾಕಿ, ಗಾಣದ ಬದಲು ಮೋಟಾರಿನ ಕಲ್ಲಿನಲ್ಲಿ ಅರೆದರು. ಮನೆ ತುಂಬಾ ಬೆಲ್ಲದ ವಾಸನೆ. ಎದುರು ಮನೆಯ ಅಜ್ಜಿ ಬಂದು ಗಾರೆಯನ್ನು ಬೆರಳಲ್ಲಿ ಮುಟ್ಟಿ ನೋಡಿ, ತಮ್ಮ ಮದುವೆ ಹೊತ್ತಿಗೆ ಇದೇ ಥರ ಅರೆದಿದ್ದರು ಅಂದರು.

ಮಹಡಿ ಮದ್ರಾಸ್ ತಾರಸಿ, ಅಂದರೆ ಮರದ ಜಂತೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಚಾವಣಿ. ಜಂತೆಗಳಲ್ಲಿ ಒಂಬತ್ತು ಮಾತ್ರ ಹಾಳಾಗಿದ್ದವು. ಅಷ್ಟನ್ನೇ ಬದಲಿಸಿದರು, ಅದೂ ಬೇರೆ ಕಡೆ ಕೆಡವಿದ ಮನೆಯ ಹಳೆ ಮರ ತಂದು, ಗೇರೆಣ್ಣೆ ಹಚ್ಚಿ. ಕಿತ್ತ ಇಟ್ಟಿಗೆಯನ್ನೂ ಬಿಸಾಕಲಿಲ್ಲ, ಹಿತ್ತಲಿನ ನೆಲಕ್ಕೆ ಹಾಸಿದರು. ಪ್ರಪಂಚದಲ್ಲಿ ಮನುಷ್ಯರಿಂದ ಹೊರಬೀಳುವ ಕಾರ್ಬನ್ ಡೈ ಆಕ್ಸೈಡಿನಲ್ಲಿ ಶೇಕಡಾ 7-8ರಷ್ಟು ಸಿಮೆಂಟ್ ತಯಾರಿಕೆಯದೇ ಅಂತೆ. ಪರಿಸರಸ್ನೇಹಿ ಅಂತ ಹೊಸ ಕಟ್ಟಡಗಳ ಮುಂದೆ ಬೋರ್ಡ್ ನೋಡುತ್ತೇವೆ, ನನಗಂತೂ ಇರುವ ಗೋಡೆ ಉಳಿಸಿಕೊಳ್ಳುವುದಕ್ಕಿಂತ ದೊಡ್ಡ ಪರಿಸರದ ಕೆಲಸ ಕಾಣಲಿಲ್ಲ.

ಮಳೆನೀರಿನ ವಿಷಯದಲ್ಲಿ ಅವರ ಸಲಹೆ ಬಹಳ ಉಪಯೋಗಕ್ಕೆ ಬಂತು. ಹಿಂಭಾಗದ ಹೆಂಚಿನ ಮಾಡು ಆರು ಚದರ, ಅಂದರೆ ಸುಮಾರು 56 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಅಂದರೆ 20 ಮಿಲಿಮೀಟರಿನ ಒಂದು ಒಳ್ಳೆ ಮಳೆಗೆ ಹೆಚ್ಚು ಕಡಿಮೆ 1,100 ಲೀಟರ್! ತೊಟ್ಟಿಯ ಕೆಳಗೆ ಸಂಪ್ ಮಾಡಿ, ಮೊದಲ ಮಳೆಯ ಕೊಳೆ ನೀರು ಹೊರಗೆ ಹೋಗುವ ಹಾಗೆ ಪೈಪ್ ಇಟ್ಟರು. ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರನ್ನು ಈಗ ಕುಡಿಯಲು, ಅಡುಗೆಗೆ ಮಾತ್ರ ಇಟ್ಟುಕೊಳ್ಳುತ್ತೇವೆ. ಸೋಲಾರ್ ಬೇರೆಯವರ ಹತ್ತಿರ ಹಾಕಿಸಿದೆವು, 2 ಕಿಲೋವಾಟ್, ಪಿಎಂ ಸೂರ್ಯಘರ್ ಯೋಜನೆಯ 60,000 ರೂಪಾಯಿ ಸಬ್ಸಿಡಿ ಸಿಕ್ಕಿತು. ಅದು ಮನೆ ಮೀಟರಿಗೆ ಮಾತ್ರ, ಅಂಗಡಿ ಮೀಟರಿಗೆ ಇಲ್ಲ. ಹಾಗಾಗಿ ಕೆಳಗೆ ಅಂಗಡಿ, ಮೇಲೆ ಮನೆ ಮಾಡುವವರು ಮೊದಲೇ ಎರಡು ಮೀಟರ್ ಬೇರೆ ಮಾಡಿಸಿಕೊಳ್ಳಿ. ಪ್ಯಾನೆಲ್ ಕೂರಿಸಲು ಹಳೆ ತಾರಸಿಗೆ ಡ್ರಿಲ್ ಹಾಕಲು ಮಾತ್ರ ಮೇಸ್ತ್ರಿ ಬಿಡಲಿಲ್ಲ. ಕಬ್ಬಿಣದ ಫ್ರೇಮ್ ಗೋಡೆ ಮೇಲೆಯೇ ಕೂರುವ ಹಾಗೆ ನಿಂತು ಮಾಡಿಸಿದರು.

ಮಳಿಗೆ ಯಾರಿಗೆ ಕೊಡಬೇಕು ಅನ್ನುವುದರಲ್ಲೂ ಅವರ ಮಾತು ಕೇಳಿದ್ದು ಒಳ್ಳೆಯದಾಯಿತು. ಹಿಟ್ಟಿನ ಗಿರಣಿಯವರು ಜಾಸ್ತಿ ಬಾಡಿಗೆಗೆ ಕೇಳಿದ್ದರು. ದಿನವಿಡೀ ಗಿರಣಿ ಅದುರಿದರೆ ಗಾರೆ ಬಿಡುತ್ತದೆ, ಬೇಡ ಅಂದರು. ಈಗ ಒಂದರಲ್ಲಿ ಟೈಲರ್, ಇನ್ನೊಂದರಲ್ಲಿ ಹೂವು, ಪೂಜೆ ಸಾಮಾನಿನ ಅಂಗಡಿ. ಟೈಲರ್ ಸಂಸಾರ ಮೇಲಿನ ಒಂದು ಮನೆಯಲ್ಲೇ ಇದೆ, ಇನ್ನೊಂದರಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಇಬ್ಬರು ನರ್ಸ್‌ಗಳು. ಹಿಂದೆ ಅಮ್ಮ. ಪಾರ್ಕಿಂಗ್ ಇಲ್ಲ, ಯಾರಿಗೂ ಬೇಕಾಗಿಲ್ಲ, ಪೇಟೆ, ಮಾರ್ಕೆಟ್ ಎಲ್ಲಾ ಕಾಲಳತೆಯಲ್ಲೇ ಇದೆ. ಬೆಳಗ್ಗೆ ಐದಕ್ಕೆ ಹೂವಿನ ಅಂಗಡಿ ಬಾಗಿಲು ತೆಗೆಯುತ್ತದೆ, ಮಧ್ಯಾಹ್ನದ ಪಾಳಿ ಮುಗಿಸಿದ ನರ್ಸ್ ಹುಡುಗಿಯರು ರಾತ್ರಿ ಹತ್ತೂವರೆಗೆ ನಡೆದು ಬರುತ್ತಾರೆ, ಅಷ್ಟು ಹೊತ್ತೂ ಗಲ್ಲಿಯಲ್ಲಿ ಯಾರದಾದರೂ ದೀಪ ಉರಿಯುತ್ತಿರುತ್ತದೆ. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದಾಗ ನಾವೆಲ್ಲಾ ದೊಡ್ಡ ರಸ್ತೆ, ಬಸ್ ಸ್ಟ್ಯಾಂಡ್ ಬಗ್ಗೆ ಮಾತಾಡಿದೆವು. ಪೇಟೆಯ ಬೀಗ ಹಾಕಿದ ಮನೆಗಳ ನೆನಪು ನನಗೂ ಆಗ ಬರಲಿಲ್ಲ. ನಮ್ಮ ಗಲ್ಲಿಯಲ್ಲಿ ತಂಗಿಯ ಭಯ ಹೋಗಿದ್ದು ಮೂರು ಸಂಸಾರ, ಎರಡು ಅಂಗಡಿ ಬಂದ ಮೇಲೆ.

ಈಗ ಆ ಅರ್ಧ ಅಂಕ. ಎಂಟು ತಿಂಗಳು ಅಂದಿದ್ದ ಕೆಲಸ ಹದಿಮೂರು ತಿಂಗಳು ಎಳೆಯಿತು. ಬಡಗಿಗಳು ಬೇರೆ ಕಡೆ ಹೋಗಿ ಆರು ವಾರ ಬರಲೇ ಇಲ್ಲ, ಫೋನ್ ಮಾಡಿದರೆ 'ನಾಳೆ' ಅನ್ನುತ್ತಿದ್ದರು. ಲೆಕ್ಕ ಎಲ್ಲಾ ಒಂದು ಸಣ್ಣ ಡೈರಿಯಲ್ಲಿ. ಮೋಸ ಇಲ್ಲ, ಆದರೆ ಬ್ಯಾಂಕ್ ಸಾಲ ತೆಗೆದವರಿಗೆ ಬಿಲ್ ಬೇಕಲ್ವಾ? ಮೊದಲೇ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಿ. ಪ್ಲಂಬಿಂಗ್, ಕರೆಂಟ್ ಕೆಲಸ ಅವರು ಮಾಡುವುದಿಲ್ಲ, ಆ ಓಡಾಟ ನಿಮ್ಮದೇ. ಒಟ್ಟು 21 ಲಕ್ಷ ಆಯಿತು. ಒಡೆದು ಕಟ್ಟಲು ನಮಗೆ ಹೇಳಿದ್ದು ಅದರ ಮೂರರಷ್ಟು.

ಎದುರು ಮನೆ ಅಜ್ಜಿಯ ಮಗ ಬೆಂಗಳೂರಿನಿಂದ ಬಂದು ನಮ್ಮ ಮಹಡಿ ನೋಡಿಕೊಂಡು ಹೋದರು. ಅವರ ಹಿತ್ತಲಲ್ಲಿ ಹೋದ ವಾರ ಸುಣ್ಣದ ಗುಂಡಿ ತೋಡಿದ್ದಾರೆ. ಕೆಲಸ ಹೇಗೆ ಮಾಡುತ್ತಾರೆ ಅಂತ ಕಣ್ಣಾರೆ ನೋಡಬೇಕು ಅನ್ನುವವರು ಗಾರೆ ಅರೆಯುವ ಹೊತ್ತಿಗೆ ಬನ್ನಿ, ಬೆಳಗ್ಗೆ ಎಂಟಕ್ಕೆಲ್ಲಾ ಶುರುವಾಗುತ್ತದೆ.