ಸ್ಟ್ರೆಂತ್ ಲೆವೆಲ್: ಅಂಕಿ ತುಂಬುವ ಮೊದಲು ಬಾರ್ ತೂಗಿ

ಬೆಂಚ್ ಮೇಲೆ ಮಲಗಿ, ಪ್ಲೇಟ್ ಹಾಕಿದ ಬಾರನ್ನು ಎದೆಯಿಂದ ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್‌ನಲ್ಲಿ 80 ಕಿಲೊ ಹೆಚ್ಚೋ ಕಡಿಮೆಯೋ? ಜಿಮ್‌ನಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಸ್ಟ್ರೆಂತ್ ಲೆವೆಲ್ ಜಾಲತಾಣದಲ್ಲಿ ಲಿಂಗ, ವಯಸ್ಸು, ದೇಹದ ತೂಕ, ಎತ್ತಿದ ಭಾರ ಮತ್ತು ರೆಪ್ (ಬಿಡದೆ ಎಷ್ಟು ಸಲ ಎತ್ತಿದಿರಿ) ತುಂಬಿದರೆ ಬಿಗಿನರ್‌ನಿಂದ ಎಲೀಟ್‌ವರೆಗಿನ ಐದು ಮಟ್ಟಗಳಲ್ಲಿ ನಿಮ್ಮದು ಯಾವುದೆಂದು ತೋರಿಸುತ್ತದೆ. ಇಂಟರ್‌ಮೀಡಿಯೇಟ್ ಎಂದರೆ ಅಲ್ಲಿ ಲೆಕ್ಕ ಕೊಟ್ಟವರಲ್ಲಿ ಅರ್ಧದಷ್ಟು ಜನರಿಗಿಂತ ಮುಂದಿದ್ದೀರಿ ಎಂದರ್ಥ. ಅಡ್ವಾನ್ಸ್ಡ್‌ಗೆ ಅದು ಶೇ 80, ಎಲೀಟ್‌ಗೆ ಶೇ 95.

ಆ ಲೆಕ್ಕವನ್ನು ಬಳಕೆದಾರರೇ ಬರೆದು ಕೊಡುತ್ತಾರೆ. ಬಾರ್ ಹೆಗಲ ಮೇಲೆ ಹೊತ್ತು ಕುಳಿತೇಳುವ ಸ್ಕ್ವಾಟ್ ಎಷ್ಟು ಆಳಕ್ಕೆ ಇಳಿಯಿತು, ಬೆಂಚ್‌ನಲ್ಲಿ ಬಾರ್ ಎದೆಗೆ ತಾಗಿತೇ ಎಂದು ನೋಡುವವರಿಲ್ಲ. ತೀರ್ಪುಗಾರರ ಮುಂದೆ ಎತ್ತಿದ ಅಂಕಿಯೇ ಬೇಕಿದ್ದರೆ ಪವರ್‌ಲಿಫ್ಟಿಂಗ್ ಸ್ಪರ್ಧೆಗಳ ಫಲಿತಾಂಶ ಕೂಡಿಡುವ ಓಪನ್‌ಪವರ್‌ಲಿಫ್ಟಿಂಗ್ ತಾಣ ಇದೆ. ಆದರೆ ಅಲ್ಲಿರುವವರೆಲ್ಲ ಸ್ಪರ್ಧೆಗೆ ಇಳಿದವರು, ಆರು ತಿಂಗಳ ಅಭ್ಯಾಸದವರಿಗೆ ಆ ಹೋಲಿಕೆ ಒಗ್ಗುವುದಿಲ್ಲ.

ನಮ್ಮ ಮಟ್ಟಿಗೆ ಈ ತಾಣ ಉಪಯೋಗಕ್ಕೆ ಬರುವುದು ಬೇರೆಯವರೊಂದಿಗೆ ಹೋಲಿಸಿಕೊಳ್ಳಲು ಅಲ್ಲ, ನಮ್ಮದೇ ನಾಲ್ಕು ಲಿಫ್ಟ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಲು. ಗಂಡಸರ ಇಂಟರ್‌ಮೀಡಿಯೇಟ್ ಮಟ್ಟಕ್ಕೆ ಅದು ಕೊಡುವ ಅಂದಾಜು ಹೀಗಿದೆ: ಓವರ್‌ಹೆಡ್ ಪ್ರೆಸ್ (ನಿಂತು ಬಾರನ್ನು ತಲೆಯ ಮೇಲಕ್ಕೆ ತಳ್ಳುವುದು) ದೇಹತೂಕದ 0.8 ಪಟ್ಟು, ಬೆಂಚ್ 1.25, ಸ್ಕ್ವಾಟ್ 1.5, ಡೆಡ್‌ಲಿಫ್ಟ್ (ನೆಲದ ಮೇಲಿನ ಬಾರನ್ನು ಹಿಡಿದು ನೆಟ್ಟಗೆ ನಿಲ್ಲುವುದು) 2. ತೂಕ ಹೆಚ್ಚಿದವರಿಗೆ ಈ ಪಟ್ಟು ಇಳಿಯುತ್ತದೆ, ಏಕೆಂದರೆ ಮೈ ತೂಕ ಏರಿದಷ್ಟೇ ವೇಗದಲ್ಲಿ ಬಲ ಏರುವುದಿಲ್ಲ. ಅಂಥವರು ಪಟ್ಟಿನ ಕೋಷ್ಟಕ ಬಿಟ್ಟು, ದೇಹತೂಕದ ಪ್ರಕಾರ ಕೊಟ್ಟಿರುವ ಕೋಷ್ಟಕವನ್ನೇ ನೋಡಬೇಕು.

70 ಕಿಲೊ ತೂಗುವ ಒಬ್ಬರು ಸ್ಕ್ವಾಟ್ 110 ಕಿಲೊ, ಡೆಡ್‌ಲಿಫ್ಟ್ 110 ಕಿಲೊ, ಎರಡನ್ನೂ ಐದೈದು ರೆಪ್ ಮಾಡುತ್ತಾರೆ ಎನ್ನಿ. ಒಂದೇ ಒಂದು ರೆಪ್‌ಗೆ ಎತ್ತಬಹುದಾದ ಗರಿಷ್ಠ ಭಾರದ ಅಂದಾಜು ಎರಡಕ್ಕೂ ಸುಮಾರು 128 ಕಿಲೊ, ಅಂದರೆ 1.83 ಪಟ್ಟು. ಸ್ಕ್ವಾಟ್ ಇಂಟರ್‌ಮೀಡಿಯೇಟ್ ದಾಟಿತು, ಡೆಡ್‌ಲಿಫ್ಟ್ ಅಲ್ಲಿಗೆ ಮುಟ್ಟಲೇ ಇಲ್ಲ. ಇಂಥ ಕಡೆ ಮೊದಲು ಅನುಮಾನಿಸಬೇಕಾದ್ದು ಸ್ಕ್ವಾಟನ್ನು. ಫೋನನ್ನು ಮೊಣಕಾಲಿನ ಎತ್ತರದಲ್ಲಿ ಪಕ್ಕದಿಂದ ಇಟ್ಟು ವಿಡಿಯೊ ಮಾಡಿ. ತೊಡೆಸಂದು ಮೊಣಕಾಲಿನ ಮೇಲ್ಭಾಗಕ್ಕಿಂತ ಕೆಳಗೆ ಇಳಿಯದಿದ್ದರೆ ಆ 110 ಲೆಕ್ಕಕ್ಕಿಲ್ಲ. ಆಳ ಸರಿಯಿದ್ದರೆ ಡೆಡ್‌ಲಿಫ್ಟ್‌ನ ಕೊನೆಯ ರೆಪ್ ಗಮನಿಸಿ. ಬೆರಳು ಬಿಚ್ಚಿಕೊಳ್ಳುತ್ತಿದ್ದರೆ ಸೋಲುತ್ತಿರುವುದು ಹಿಡಿತ, ಬೆನ್ನಲ್ಲ; ಚಾಕ್ ಹಚ್ಚಿ, ಒಂದು ಅಂಗೈ ಒಳಮುಖ, ಇನ್ನೊಂದು ಹೊರಮುಖ ಮಾಡಿ ಹಿಡಿದು ನೋಡಿ.

ರೆಪ್ ತುಂಬುವಾಗ ಐದರ ಒಳಗೇ ಇರಲಿ. ಒಂದು ರೆಪ್‌ನ ಗರಿಷ್ಠ ಭಾರ ಅಂದಾಜಿಸಲು ಬಳಕೆಯಲ್ಲಿರುವ ಎಪ್ಲಿ ಮತ್ತು ಬ್ರಿಜಿಕಿ ಸೂತ್ರಗಳಲ್ಲಿ 80 ಕಿಲೊ ಐದು ರೆಪ್‌ಗೆ 93 ಮತ್ತು 90 ಬರುತ್ತದೆ, ಮೂರೇ ಕಿಲೊ ವ್ಯತ್ಯಾಸ. 60 ಕಿಲೊ ಹದಿನೈದು ರೆಪ್‌ಗೆ 90 ಮತ್ತು 98! ರೆಪ್ ಹೆಚ್ಚಿದಂತೆ ಅಂದಾಜು ಸಡಿಲವಾಗುತ್ತದೆ.

ತಾಣ ಕೇಳುವುದು ಬಾರ್ ಸೇರಿದ ಒಟ್ಟು ಭಾರ. ಒಲಿಂಪಿಕ್ ಬಾರ್ 20 ಕಿಲೊ, ಮಹಿಳೆಯರದು 15. ಬಡಾವಣೆಯ ಜಿಮ್‌ಗಳಲ್ಲಿ ಸಿಗುವ ಐದು, ಆರು ಅಡಿಯ ತೆಳು ಬಾರ್ ಇದಕ್ಕಿಂತ ಎಷ್ಟೋ ಹಗುರ. ಮೈ ತೂಕ ನೋಡುವ ಯಂತ್ರದ ಮೇಲೆ ಬಾರ್ ಹಿಡಿದು ನಿಂತು, ನಿಮ್ಮ ತೂಕ ಕಳೆಯಿರಿ. ಸ್ಮಿತ್ ಮಷಿನ್‌ನ ಅಂಕಿಯನ್ನಂತೂ ಇಲ್ಲಿ ತುಂಬಲೇಬೇಡಿ, ಅಲ್ಲಿ ಬಾರ್ ಅತ್ತಿತ್ತ ವಾಲದಂತೆ ಕಂಬಿಗಳೇ ಹಿಡಿದಿರುತ್ತವೆ.

ಪ್ಲೇಟಿನ ಅಳತೆಯನ್ನು ಮರೆಯುವವರೇ ಹೆಚ್ಚು. 45 ಸೆಂ.ಮೀ. ವ್ಯಾಸದ ಪ್ಲೇಟ್ ಇದ್ದರೆ ಬಾರ್ ನೆಲದಿಂದ 22.5 ಸೆಂ.ಮೀ. ಮೇಲಿರುತ್ತದೆ. ಹತ್ತು ಕಿಲೊದ ಸಣ್ಣ ಕಬ್ಬಿಣದ ಪ್ಲೇಟ್‌ಗಳನ್ನೇ ಸಾಲಾಗಿ ಹಾಕಿದರೆ ಬಾರ್ ಕೆಳಗಿಳಿದು, ಡೆಡ್‌ಲಿಫ್ಟ್ ಸುಮ್ಮನೆ ಕಷ್ಟವಾಗುತ್ತದೆ, ಮಟ್ಟವೂ ಒಂದು ಹೆಜ್ಜೆ ಕೆಳಗೆ ಕಾಣಬಹುದು. ಎರಡೂ ಬದಿಯ ಪ್ಲೇಟ್‌ಗಳ ಅಡಿಗೆ ಒಂದೇ ದಪ್ಪದ ಮರದ ಹಲಗೆ ಕೊಟ್ಟು, ನೆಲದಿಂದ ಬಾರಿನ ದಪ್ಪದ ನಡುಮಧ್ಯಕ್ಕೆ ಟೇಪ್ ಹಿಡಿದು 22.5 ಬರುವಂತೆ ಮಾಡಿಕೊಂಡು ಎತ್ತಿ, ಆ ಅಂಕಿ ತುಂಬಿ.